ಲಂಡನ್ನಿನ ಗಡಿಯಾರ

ಖಾಲಿದಿಯಾ, ಅಬುಧಾಬಿ
27 ಮಾರ್ಚ್ 2025, ಗುರುವಾರ

ಚೆನ್ನಕ್ಕ, ಹ್ಯಾಂಗಿದ್ದಿ? ನಿನ್ನ ಮಗ ಪ್ರೀತಮ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ ಇಲ್ಲೋ? ಮೊಮ್ಮಗಳು ಸೃಷ್ಟಿಯ ಕೆಮ್ಮು ಹೋಯ್ತಾ? ನಾನೂ ನನ್ನ ಮಗ ಅಭಿಜೀತನೂ ಇಲ್ಲಿ ಆರಾಮ.

ನೀನು ಓದಲಾರಿ, ಗೊತ್ತು. ಲಂಡನ್ನಿನ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದಿ. ಆದರೂ ಡೈರಿಯಲ್ಲಿ ನಿನ್ನ ಜೊತೆ ಮಾತಾಡದಿದ್ದರೆ ಗಂಟಲಲ್ಲಿ ಅನ್ನ ಇಳಿಯೋದಿಲ್ಲ.

ದಿನಾ ಅಲ್ಲಿ ಒಂದು ಗಂಟೆಗೆ — ಇಲ್ಲಿ ಸಂಜೆ ಐದು — ಪ್ರೀತಮ ನಿನ್ನ ಕಿವಿಗೆ ಫೋನ್ ಹಿಡಿಯುತ್ತಾನೆ. ಇವತ್ತು ನನ್ನ ಮಾತು ಮುಗಿಯೋ ತನಕ ಕಾದು ಹೇಳಿದ:

"ಚಿಗವ್ವ, ರವಿವಾರ ಒಂದಕ್ಕ ಅವ್ವನ ಉಸಿರಿನ ಮಷೀನ್ ತೆಗೀತಾರ. ಅವ್ವನ ಕಿವ್ಯಾಗ ನೀನ ಶಿವನಾಮ ಹೇಳಬೇಕು. ಅಕಿ ನನ್ನ ಕಡೆ ಮಾತು ತಗೊಂಡಿದ್ಲು."

"ಹೇಳ್ತೀನಪ್ಪ."

ವೀಸಾ ಸಿಗಲಿಲ್ಲ. ದನಿಯಾದರೂ ಬರಲಿ.

30 ಮಾರ್ಚ್, ರವಿವಾರ, ಮಧ್ಯಾಹ್ನ

ಯುಗಾದಿ, ಈದ್ — ಎರಡೂ ಇವತ್ತೇ. ಬೆಳಗಿನಿಂದ ಫೋನ್ ಒಂದೇ ಸಮನೆ ಒದರುತ್ತಿದೆ. ಹಬ್ಬದ ಶುಭಾಶಯ. ಪಕ್ಕದ ಫ್ಲಾಟಿನ ಐಸಮ್ಮ ಶೀರ್ ಖುರ್ಮಾ ಪಾಯಸ ತಂದಳು. ನನ್ನ ಮುಖ ನೋಡಿ, "ಎಂಥ ಹಬ್ಬ ಮಾರಾಯ್ರೆ ಇದು ನಿಮಗೆ" ಅಂತ ಕೈ ಹಿಡಿದು ಕೂತಳು.

"ಐದಕ್ಕ ಅಲಾರಂ ಇಟ್ಟೀನಿ ಮಮ್ಮಿ," ಅಂದ ಅಭಿಜೀತ. "ಪ್ರೀತಮಗ ಒಮ್ಮೆ ಕೇಳಲೇನು?"

"ದಿನಾ ಐದೇ ಅಲ್ಲೇನೋ? ಇವತ್ತರ ಅವನ ತಲಿ ತಿನ್ನಬ್ಯಾಡ."

ಜಳಕ ಮಾಡಿ ಪೂಜೆಗೆ ಕೂಡಬೇಕು. ಫೋನ್ ಚಾರ್ಜಿಗೆ ಹಚ್ಚಿದ್ದೇನೆ — ಆ ಹೊತ್ತಿಗೆ ಕೈಕೊಡಬಾರದು.

31 ಮಾರ್ಚ್

ಚೆನ್ನಕ್ಕ...

ನಿನ್ನೆ ಪೂಜೆಗೆ ಕೂತಿದ್ದೆ, ಅಂಗೈಯಲ್ಲಿ ಇಷ್ಟಲಿಂಗ ಇತ್ತು. ಒಳಗಿನ ಖೋಲಿಯಲ್ಲಿ ಫೋನ್ ಬಡಕೊಂಡಿತು. ನಿಂತಿತು. ಮತ್ತೆ. ಮತ್ತೆ. ಹಬ್ಬದವರು ಅಂದುಕೊಂಡೆ. ಪೂಜೆಯ ನಡುವೆ ಏಳಬಾರದು. ಅಭಿಜೀತ ಹೂವಿಗೆ ಹೋಗಿದ್ದ.

ಐದಕ್ಕೆ ನಾವೇ ಹಚ್ಚಿದೆವು. ಸೃಷ್ಟಿ ಎತ್ತಿದಳು.

"ಅಜ್ಜಿ... ವೈ ಡಿಡಂಟ್ ಯೂ ಪಿಕಪ್?"

ಅಲ್ಲಿ ಬೇಸಿಗೆ ಬಂತೆಂದು ಗಡಿಯಾರ ಒಂದು ತಾಸು ಮುಂದೆ ಮಾಡುತ್ತಾರಂತೆ. ಅದೂ ನಿನ್ನೆ ನಸುಕಿನಲ್ಲೇ ಮಾಡಿದ್ದರಂತೆ. ಇಲ್ಲಿ ಕೆಂಡದಂಥ ಬಿಸಿಲಿಗೂ ಚಳಿಗೂ ಒಂದೇ ಗಡಿಯಾರ, ನಮಗೇನು ಗೊತ್ತು? ಅವರ ಒಂದು ಗಂಟೆ ನಮಗೆ ನಾಲ್ಕಕ್ಕೇ ಆಗಿಹೋಗಿತ್ತು.

ಅರ್ಧ ತಾಸು ಕಾದು ಮಷೀನ್ ತೆಗೆದರಂತೆ. ಪ್ರೀತಮನಿಗೆ ಮಂತ್ರ ಬರೋದಿಲ್ಲ. "ಅವ್ವ, ಅವ್ವ" ಅಂತಷ್ಟೇ ಅಂದನಂತೆ.

9 ಏಪ್ರಿಲ್

ಪ್ರೀತಮ ಫೋನ್ ಎತ್ತೋದಿಲ್ಲ. ಅಭಿಜೀತ ನಡೆದದ್ದೆಲ್ಲಾ ಬರೆದು ಮೆಸೇಜ್ ಹಾಕಿದ. ಇವತ್ತು ಉತ್ತರ ಬಂತು, ಒಂದೇ ಸಾಲು:

"ಚಿಗವ್ವಗ ಪೂಜಿನ ದೊಡ್ಡದಾತು ಅಂತ ಹೇಳು."

ಅಭಿಜೀತ ಓದಿ ತೋರಿಸಬಾರದಿತ್ತು. ತೋರಿಸಿದ್ದೇ ಚಲೋ ಆಯ್ತು. ಆ ರವಿವಾರದಿಂದ ಪೂಜೆಗೆ ಕೂತರೂ ಫೋನ್ ತೊಡೆಯ ಮೇಲೇ ಇಟ್ಟುಕೊಳ್ಳುತ್ತೇನೆ.

10 ಏಪ್ರಿಲ್

ಪ್ರೀತಮ, ಮಗನೇ, ಇನ್ನು ಮೇಲೆ ನಿನಗೇ ಬರೆಯುತ್ತೇನೆ. ಈ ಹಾಳೆ ಹರಿದು ಪೋಸ್ಟ್ ಮಾಡಿಸ್ತೀನಿ. ಬೈಯಿ. ಎಷ್ಟು ಬೇಕಾದರೂ ಬೈಯಿ. ಇದೊಂದು ಮಾತ್ರ ಹೇಳು — ಕಡೆಗೆ ಅವ್ವ ಕಣ್ಣು ತೆರೆದಳಾ? ಯಾರನ್ನಾದರೂ ಹುಡುಕಿದಳಾ? ಇಲ್ಲ ಅಂತಾದರೂ ಬರಿ. ಲಗೂನ ಬರಿಯೋ, ನಾನು ಕಾಯ್ತಿರ್ತೀನಿ.