ನಡುಹಾಡಿನಲ್ಲಿ ಇಳಿದ ಪರದೆ

ಅಕ್ಕಾ,

ಸಂಗೀತ ನಾಟಕಕ್ಕೆ ಜೀವ ಕೊಟ್ಟವನು ಇಡೀ ಜಗತ್ತಿನಲ್ಲಿ ನಾನೊಬ್ಬನೇ. ಹಾಡಿದ ನೀವೆಲ್ಲ ಬರೀ ನೆಪಕ್ಕೆ. ಪರದೆಯ ಹಗ್ಗ ನನ್ನ ಕೈಯಲ್ಲಿತ್ತಲ್ಲ!

ನೀನು ತೀರಿಕೊಂಡ ಮೇಲೆ ನಿನ್ನ ಮಗಳು ನಮ್ಮ ಪರದೆ ಹಿಂದಿನ ಬದುಕನ್ನು ಕಾದಂಬರಿ ಮಾಡಿದ್ದಾಳೆ. ಅದಕ್ಕೆ ನಾನೇ ನಾಯಕನೆಂದು ಮೇಕಪ್ಪಿನವನ ಹತ್ತಿರ ಪಂದ್ಯ ಕಟ್ಟಿದ್ದೆ. ಇವತ್ತು ಬಣ್ಣದ ಕೋಣೆಯಲ್ಲಿ ಅವನು ಜೋರಾಗಿ ಓದಿದ: ನಾಯಕಿ ಹಾಡುತ್ತಿದ್ದಾಗ ಪರದೆಯವನು ತೂಕಡಿಸಿ ಹಗ್ಗ ಬಿಟ್ಟನಂತೆ.

“ಏ ಕುಂಭಕರ್ಣ, ದುಡ್ಡು ತೆಗಿ!”

ನಿನ್ನ ಮಗಳೂ ಅಲ್ಲೇ ಇದ್ದಳು. “ಬೇಜಾರಾಯ್ತಾ ಮಾವ? ಅಮ್ಮ ಹಾಗೇ ಹೇಳಿದ್ಲು.”

ನಿನ್ನ ದನಿ ಒಡೆದ ಕೂಡಲೇ ನಾನು ಹಗ್ಗ ಬಿಟ್ಟದ್ದು ನಮ್ಮಿಬ್ಬರಿಗೇ ಗೊತ್ತು.

“ಗೊರಕೆನೂ ಹೊಡೆದಿದ್ದೆ ಕಣೇ, ಅದನ್ಯಾಕೆ ಬಿಟ್ಟೆ?” ಎಂದೆ.

ಆಗಿನಿಂದ ಕುಳಿತಲ್ಲಿ ಕೂರಲಾಗದೆ, ಐದು ಸಾವಿರ ಸೋತೆನೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನಿನ್ನ ಹತ್ತಿರ ಸುಳ್ಳೇಕೆ? ಬರೀ ಐವತ್ತು.