ಬಸ್ಸಿಗೆ ಎಳೆದ ಕರೆಂಟು

ಜನವರಿ 9, ಬೆಳಿಗ್ಗೆ
ಎಂದಿನಂತೆ ಡ್ರೈವರ್ ಬಾಗಿಲಲ್ಲಿ ನಿಂತು ಹಲ್ಲುಜ್ಜಿದೆ. ಅಮ್ಮಿ ಬೈದಳು. ಈಗ ಇದು ಬಸ್ಸಲ್ಲ, ಮನೆ. ರಸ್ತೆಗೆಂದು ಗುಡ್ಡ ಕಡಿದರು, ನಮ್ಮ ಹಿಂಗೋಡೆ ಬಾಯಿಬಿಟ್ಟಿತು, ವಾಸಕ್ಕೆ ಯೋಗ್ಯವಲ್ಲವೆಂದು ಚೀಟಿ ಅಂಟಿಸಿದರು. ಆದಕಾರಣ ಅಬ್ಬಾ ಓಡಿಸುತ್ತಿದ್ದ ಹಳೇ ಬಸ್ಸೇ ಅರಮನೆ. ಪಾಳ್ಯ ಊರಿನ ಪಕ್ಕ, ಮಹಾದೇವಯ್ಯನವರು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಬಿಜಯಂಗೈದಿದೆ.

ನನ್ನಕ್ಕ ಹುಸ್ನಾ ಆಪಾಗೆ ಎಂಟು ತಿಂಗಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಹಾಸನದಿಂದ ಅವಳ ಅತ್ತೆ ನಿಶಾತ್ ಫೋನ್ — "ಕರೆಂಟಿಲ್ದ ಜಾಗಕ್ಕೆ ಕಳ್ಸಲ್ಲ. ಬಂದು ನೋಡಿ ಹೇಳ್ತೀನಿ."
ಅಮ್ಮಿ ಫೋನಿಟ್ಟು ನನಗೆ ಹೇಳಿದಳು, "ಲೈಟ್ ಹಾಕ್ಸು."

ಜನವರಿ 12
ಕರೆಂಟ್ ಆಫೀಸು. ಗುಮಾಸ್ತರು ಮನೆ ನಂಬರ್ ಕೇಳಿದರು. ಅಬ್ಬಾ ಕೆಎ ಹದಿಮೂರು ಅಂತ ಶುರು ಮಾಡಿದ.
"ಅದು ಗಾಡಿ ನಂಬರ್ ಕಣ್ರೀ ಸಾಬ್ರೇ."
"ಮನೇನೂ ಅದೇ ಸ್ವಾಮಿ."
"ಚಕ್ರ ಐತಾ?"
"ಐತೆ."
"ನಾಳೆ ನೀವು ಎಲ್ಲಾದ್ರೂ ಹೋಗ್ಬುಟ್ರೆ ಮೀಟರ್‌ನ ಎಲ್ಲಿ ಹುಡ್ಕಣ?"
ಚಕ್ರಗಳನ್ನು ಬಿಚ್ಚಿ ತಮ್ಮ ಪಾದದಲ್ಲಿ ಒತ್ತೆ ಇಡುತ್ತೇವೆಂದು ಬಿನ್ನವಿಸಿಕೊಂಡೆ. ಅಬ್ಬಾ ಕಾಲು ತುಳಿದ. ಟೆಂಪರರಿ ಕನೆಕ್ಷನ್ನಿಗೆ ಅರ್ಜಿ ಕೊಟ್ಟು ಬಂದೆವು — ಮದುವೆ ಚಪ್ಪರಕ್ಕೆ ಕೊಡುವಂಥದ್ದು. ಬಂದಾಗ ಬಂತು.

ಜನವರಿ 14
ಮಹಾದೇವಯ್ಯನವರು ಅಬ್ಬಾಗೆ, "ಅಲ್ಲೀವರ್ಗೂ ನಮ್ಮನೆಯಿಂದ ಎಳ್ಕಳಿ ಕಲೀಮಣ್ಣ," ಎಂದರು. ಎರಡೆಳೆ ವೈರು ಎಳೆದೆ. ಬೇಲಿ, ಸಿಲ್ವರ್ ಮರ, ಬಸ್ಸಿನ ಕಿಟಕಿ. ವೈರಿನ ಮೇಲೆ ಕಿಟಕಿಯ ಶಟರ್ ಎಳೆದು ಬಿಗಿ ಮಾಡಿದೆ.
ಆಲೂರಲ್ಲಿ ವೈರಿಂಗ್ ಮಾಡುವ ಗೆಳೆಯ ಶಾಹಬಾಜ್ ನೋಡಿ, "ಅರ್ತಿಂಗ್ ಎಲ್ಲೋ? ನೆಲಕ್ಕೊಂದು ವೈರ್ ಇಳೀಬೇಕು," ಎಂದ.
ಅಬ್ಬಾ ನಕ್ಕ. "ಕೆಳ್ಗೆ ರಬ್ಬರ್ ಟೈರ್ ಐತೆ ಮಾರಾಯ. ಬಿಸಿಲೆ ಘಾಟಲ್ಲಿ ಸಿಡ್ಲು ಬಿದ್ದಾಗ್ಲೇ ಬಸ್ಸೊಳಗೆ ಯಾರ್ಗೂ ಏನೂ ಆಗಿಲ್ಲ."
ಡ್ರೈವರ್ ಮಾತೇ ಶಾಸನ. ಬಲ್ಬು ಹತ್ತಿತು. ಅಮ್ಮಿ ಸುಮ್ಮನೆ ಸುಮ್ಮನೆ ಆರಿಸಿ ಹಾಕಿ ನೋಡಿದಳು.

ಜನವರಿ 17
ಮಹತ್ತರ ಸಂಶೋಧನೆ. ಒಳಗಿದ್ದರೆ ಏನಿಲ್ಲ. ಬರಿಗಾಲಲ್ಲಿ ಮಂಜುಬಿದ್ದ ನೆಲದ ಮೇಲೆ ನಿಂತು ಬಾಗಿಲ ಕಂಬಿ ಹಿಡಿದರೆ — ಝುಂ. ಚಪ್ಪಲಿ ಮೆಟ್ಟಿಲ ಮೇಲೆ ಬಿಡುವ ಅಮ್ಮಿ, ಅಬ್ಬಾಗೆ ಇದರ ಸುಳಿವಿಲ್ಲ. ಸ್ವಾಗತ ಸಮಾರಂಭ ಎಂದು ನಾಮಕರಣ ಮಾಡಿದೆ. ಪ್ರಥಮ ಅತಿಥಿ ಶಾಹಬಾಜ್. "ಚಪ್ಪಲಿ ಬಿಟ್ಟು ಬಾರಪ್ಪ, ಮನೆ ಇದು." ಹಾರಿ ಕಾಫಿ ರಾಶಿಯಲ್ಲಿ ಕೂತ.
"ತಗಡಿಗೆಲ್ಲ ಕರೆಂಟ್ ಇಳ್ದೈತೆ ಕಣೋ ಫಾಜಿಲ. ಇವತ್ತೇ ಅರ್ತ್ ಹಾಕು."
ಹಾಕೋಣ. ಭಾನುವಾರ ಮಹಾದೇವಯ್ಯನವರ ಮಗ ಮಹೇಶ ಬರುತ್ತಾನೆ. ಅವನಿಗೊಂದು ಸ್ವಾಗತ ಆಗಲಿ, ಆಮೇಲೆ.

ಜನವರಿ 20, ಶನಿವಾರ
ಮಹೇಶನಿಗಿಂತ ಮೊದಲು ನಿಶಾತ್, ಆಪಾ ಬಂದರು. ಹೇಳದೆ. ಅಮ್ಮಿ ಆಗಷ್ಟೇ ಬಾಗಿಲ ಮುಂದೆ ಗುಡಿಸಿ ನೀರು ಚಿಮುಕಿಸಿದ್ದಳು. ನಾನು ಕಣದ ಆ ತುದಿಯಲ್ಲಿ ಕಾಫಿ ಕೆದಕುತ್ತಿದ್ದೆ. ಕಾರಿಂದ ಇಳಿದದ್ದು ಕಂಡೆ. ಆಪಾ ಚಪ್ಪಲಿ ಬಿಡುವುದು ಕಂಡೆ. ಕೂಗಿದೆ. ನಾನು ಕೂಗಿದರೆ ಯಾರು ನಿಲ್ಲುತ್ತಾರೆ… ನಗುತ್ತಾ ಕಂಬಿಗೆ ಕೈ ಹಾಕಿದಳು.

ಹಿಂದಕ್ಕೆ ಕುಸಿದು ನೆಲದ ಮೇಲೆ ಕೂತಳು. ಎರಡು ಕೈಯೂ ಹೊಟ್ಟೆಯ ಮೇಲೆ.

ನಿಶಾತ್ ಕಿರುಚಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದರು. "ಮಗು ಒದೀತೈತಾ?" ಆಪಾ ಅಂಗೈ ಒತ್ತಿ ನೋಡಿಕೊಂಡಳು. ಆಮೇಲೆ, "ಹ್ಞೂಂ."
ಸೊಸೆಯ ಕಾಲಿಗೆ ತಾವೇ ಚಪ್ಪಲಿ ತೊಡಿಸಿ ಅಮ್ಮಿಗೆ ಹೇಳಿದರು, "ಆಮಿನಾ, ಬೇಜಾರ್ ಮಾಡ್ಕೋಬೇಡಿ. ಹೆರಿಗೆ ನಮ್ಮಲ್ಲೇ ಆಗ್ಲಿ."
ಅಮ್ಮಿ ಮಾಡಿದ ಚಹಾ ಇಬ್ಬರೂ ಕುಡಿಯಲಿಲ್ಲ.

ಅಬ್ಬಾ ಟೈರುಗಳನ್ನೇ ನೋಡುತ್ತಾ ಕೂತಿದ್ದ. ಅಮ್ಮಿ ನನ್ನನ್ನು ಕೇಳಿದಳು, "ನಿಂಗೆ ಮೊದ್ಲೇ ಗೊತ್ತಿತ್ತಾ?"

ಜನವರಿ 24
ಶಾಹಬಾಜ್ ಬಂದ. ಅರ್ತಿಂಗಿಗೆ ಗುಂಡಿ ತೋಡಿದೆವು. ಪೈಪು, ಇದ್ದಿಲು, ಉಪ್ಪು, ನೀರು. ಶಟರಿನಡಿ ವೈರಿನ ಸಿಪ್ಪೆ ಕಿತ್ತುಹೋಗಿತ್ತು — ನಾನು ಬಿಗಿ ಮಾಡಿದ ಜಾಗ. ಬೇರೆ ಹಾಕಿದ. ಕಿತ್ತ ತುಂಡನ್ನು ನನ್ನ ಕೈಗಿಟ್ಟ. ಬೈದಿದ್ದರೆ ಚೆನ್ನಾಗಿತ್ತು.
ಟೆಸ್ಟರ್ ತೆಗೆಯುವ ಮೊದಲೇ ಅಮ್ಮಿ ಬರಿಗಾಲಲ್ಲಿ ಬಂದು ಎರಡೂ ಕೈಯಲ್ಲಿ ಕಂಬಿ ಹಿಡಿದಳು. ತಡೆಯಲು ಆಗಲಿಲ್ಲ. ಏನೂ ಆಗಲಿಲ್ಲ.

ಫೆಬ್ರವರಿ 6
ಟೆಂಪರರಿ ಮಂಜೂರು. ಕಾರಣದ ಜಾಗದಲ್ಲಿ ಸಮಾರಂಭ ಎಂದು ಬರೆದಿದೆ. ಮೀಟರ್ ಕಟ್ಟುತ್ತಾ ಲೈನ್‌ಮನ್ ಧರ್ಮ ಕೇಳಿದ, "ಏನ್ ಫಂಕ್ಷನ್ನು ಸಾಬ್ರೇ?"
ಅಬ್ಬಾ ಒಳಗೆ ಹೋದ. ನಾನು ಅವನ ಏಣಿ ಹಿಡಿದುಕೊಂಡೆ.

ಫೆಬ್ರವರಿ 21
ಹಾಸನದಲ್ಲಿ ಹೆರಿಗೆ. ಹೆಣ್ಣು. ಇಬ್ಬರೂ ಆರಾಮ. ಅಮ್ಮಿ ಬೆಳಿಗ್ಗೆ ಹೋದವಳು ಸಂಜೆಗೇ ಬಂದಳು. ಉಳ್ಕೊಳ್ಳಿ ಎಂದು ಅಲ್ಲಿ ಯಾರೂ ಹೇಳಲಿಲ್ಲವಂತೆ. ಮಗು ಯಾರ ಹಾಗಿದೆ ಎಂದು ಅಬ್ಬಾ ಕೇಳಿದ. "ಸರ್ಯಾಗಿ ನೋಡಕ್ಕಾಗ್ಲಿಲ್ಲ, ಜನ ಇದ್ರು."

ಏಪ್ರಿಲ್ 2
ಬಾಣಂತನದ ನಲವತ್ತು ದಿನ ಮುಗಿಯಿತು. ಅಮ್ಮಿ ಹಿಂದಿನ ಸೀಟುಗಳ ಜಾಗದಲ್ಲಿ ತೊಟ್ಟಿಲು ಕಟ್ಟಿದ್ದಾಳೆ. ಫ್ಯಾನ್ ತಿರುಗುತ್ತದೆ. "ಬರಾಕೆ ಹೇಳು," ಎಂದು ಫೋನ್ ನನ್ನ ಕೈಗೇ ಕೊಟ್ಟಳು.

ಹೇಳಿದೆ. ಅರ್ತ್ ಹಾಕಿದ್ದು, ವೈರು ಬದಲಾಯಿಸಿದ್ದು, ಇವತ್ತು ಬೆಳಿಗ್ಗೆಯೂ ಟೆಸ್ಟರ್ ಹಿಡಿದು ನೋಡಿದ್ದು.
ಆಪಾ ಕೇಳಿಸಿಕೊಂಡಳು. ಹಿಂದೆ ಮಗು ಅಳುತ್ತಿತ್ತು.
"ಅತ್ತೆ ಬೇಡ ಅಂತಾರೆ. ಅಮ್ಮಿ ಬಾ ಅಂತಾಳೆ. ಇಬ್ರನ್ನೂ ಬಿಡು. ನೀನ್ ಹೇಳೋ ಫಾಜಿಲ್. ಮಗು ಎತ್ಕೊಂಡು ಬರ್ಲಾ?"

ಬಾ ಅನ್ನಬೇಕಿತ್ತು. ಒಂದೇ ಅಕ್ಷರ. ಇನ್ನೊಂದ್ಸಲ ನೋಡಿ ಹೇಳ್ತೀನಿ ಎಂದೆ. ಆಪಾ ಫೋನಿಟ್ಟಳು.

ಅಮ್ಮಿ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಾಳೆ. "ಏನಂದ್ಲು?"
ನಾನು ಕೆಳಗಿಳಿದು, ಬರಿಗಾಲಲ್ಲಿ ನಿಂತು ಬಾಗಿಲ ಕಂಬಿ ಹಿಡಿದೆ.