ಮುಚ್ಚಳದ ಸ್ಕ್ರೂ ಬಿಗಿ ಮಾಡಿದ ಬೆಕ್ಕು

ಮಾವ,

ನಾನು ಕೆಲಸಕ್ಕೆ ಹೊರಟೆ. ನೀವಿನ್ನೂ ಮಲಗಿದ್ದೀರಿ, ಅಥವಾ ಹಾಗೆ ನಟಿಸುತ್ತಿದ್ದೀರಿ; ಗೊರಕೆ ಯಾಕೋ ತಾಳ ತಪ್ಪುತ್ತಿತ್ತು.

ಅನ್ನ, ಪಲ್ಯ ಒಲೆಯ ಮೇಲಿವೆ. ತುಪ್ಪ ಹುಡುಕಬೇಡಿ; ನಾವು ಹಾಲು, ತುಪ್ಪ ಬಿಟ್ಟ ಮೇಲೆ ಅದು ಅಡುಗೆಮನೆಯಲ್ಲಿಲ್ಲ. ಪಲ್ಯಕ್ಕೆ ಎಳ್ಳು ಹುರಿದು ಪುಡಿ ಮಾಡಿ ಉದುರಿಸಿದ್ದೇನೆ. ಅದರ ಘಮಕ್ಕೆ ಆಚೆ ಬೀದಿಯಲ್ಲಿ ಬಸ್ಸೇ ನಿಂತುಬಿಟ್ಟಿತು.

ಇನ್ನು ಕಡಲೆಕಾಯಿ ರುಬ್ಬಿ ಹಿಂಡಿದ ಹಾಲಿಗೆ ಹೆಪ್ಪು ಹಾಕಿ ಮಾಡುವ ಕಡಲೆಕಾಯಿ ಮೊಸರಿನ ವಿಷಯ. ನಾನು ಹೆಪ್ಪು ಹಾಕಿದರೆ ಕಲ್ಲೂ ಮೊಸರಾಗುತ್ತದೆಂದು ಊರಿಗೆಲ್ಲ ಗೊತ್ತು. ನೀವು ಮಾತ್ರ "ಹಸು ಇಲ್ದೆ ಮೊಸರಂತೆ, ಮದುಮಗ ಇಲ್ದೆ ಮದುವೆಯಂತೆ!" ಎಂದು ಮೂಗು ಮುರಿದಿರಿ. ಆದರೆ ದಿನವೂ ಪಾತ್ರೆಯಲ್ಲಿ ಅರ್ಧ ಮಾಯ! ಕೇಳಿದರೆ "ಬೆಕ್ಕು ತಿಂದಿರ್ಬೇಕು ಕಣಮ್ಮಾ" ಅನ್ನುತ್ತೀರಿ. ನಿನ್ನೆ ಬೆಕ್ಕಿನ ಮುಂದೆ ಒಂದು ಚಮಚ ಇಟ್ಟೆ. ಅದು ಮೂಸಿ, ನನ್ನ ವಂಶವನ್ನೇ ಶಪಿಸುವಂತೆ ನೋಡಿ ಹೋಯಿತು.

ಅದೂ ಹೋಗಲಿ. ನನ್ನ ಮದುವೆಗಿಂತ ಮೊದಲಿಂದ ಲೊಡಲೊಡ ಅನ್ನುತ್ತಿದ್ದ ಆ ಪಾತ್ರೆಯ ಮುಚ್ಚಳದ ಹಿಡಿ ಇವತ್ತು ಅಲುಗಾಡುವುದೇ ಇಲ್ಲ. ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಈ ಮನೆಯಲ್ಲಿ ಯಾರ ಹತ್ತಿರವಿದೆ ಮಾವ? ಸಡಿಲವಾದದ್ದನ್ನು ಕಂಡರೆ ಕೈ ಕಟ್ಟಿ ಕೂರಲಾರದ ಬೆಕ್ಕು ಯಾವುದು?

ಇವತ್ತು ಎರಡು ಪಾತ್ರೆ ಮೊಸರು ಇಟ್ಟಿದ್ದೇನೆ. ದೊಡ್ಡದು ಬೆಕ್ಕಿಗೆ. ಅದಕ್ಕಿಷ್ಟವೆಂದು ಉಪ್ಪು, ಹಸಿಮೆಣಸು ತುಸು ಮುಂದಾಗಿಯೇ ಹಾಕಿದ್ದೇನೆ.

ಈ ಮನೆಗೆ ಹಾಲು ಬರುತ್ತಿರುವುದು ನಿಮ್ಮೊಬ್ಬರ ಹಟಕ್ಕೆ. ಸಂಜೆ ಹಾಲಿನವನು ಬಂದಾಗ ನಾಳೆಯಿಂದ ಬೇಡ ಅಂದುಬಿಡಿ. ನಾಚಿಕೆಯಾದರೆ, ಬೆಕ್ಕು ಬೇಡ ಅಂದಿತು ಅನ್ನಿ.

— ಸೊಸೆ